ಆ 48 ಅಂಕಿಗಳ ಚೀಟಿ ಯಾರ ಹತ್ತಿರ ಇದೆ?

ಹೊಸ ಲ್ಯಾಪ್‌ಟಾಪ್ ಕೊಂಡರೆ ಅಂಗಡಿಯವರು ಬ್ಯಾಗ್ ಕೊಡುತ್ತಾರೆ, ಮೌಸ್ ಕೊಡುತ್ತಾರೆ, ಹಬ್ಬದ ಸೀಸನ್ ಆದರೆ ಹೆಡ್‌ಫೋನೂ ಸಿಗುತ್ತದೆ. ಕೊಡಲೇಬೇಕಾದ ಒಂದು ಚೀಟಿಯನ್ನು ಮಾತ್ರ ಯಾರೂ ಕೊಡುವುದಿಲ್ಲ. ಅದರ ಮೇಲಿರಬೇಕಾದದ್ದು 48 ಅಂಕಿ, ಆರಾರರಂತೆ ಎಂಟು ಗುಂಪು. ಈಗ ಬರುವ ಬಹುಪಾಲು ವಿಂಡೋಸ್ 11 ಲ್ಯಾಪ್‌ಟಾಪ್‌ಗಳ ಡಿಸ್ಕ್‌ಗೆ ಒಳಗಿಂದಲೇ ಬೀಗ ಬಿದ್ದಿರುತ್ತದೆ, ಆ ಬೀಗದ ಕೀ ಇದು. ತಿಪಟೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವ ನಾನು ಈ ಲೇಖನ ಬರೆಯುತ್ತಿರುವುದು ಆ ಚೀಟಿಯ ಸಲುವಾಗಿ. ನಮ್ಮ ಜನ ಅಪ್‌ಡೇಟ್ ಎಂದರೆ ಬೆಚ್ಚುತ್ತಾರೆ. ಅಪ್‌ಡೇಟ್ ಕೈಕೊಟ್ಟರೆ ಹಿಂದಕ್ಕೆ ಬರುವ ದಾರಿ ಅವರ ಕೈಯಲ್ಲಿ ಇಲ್ಲದಿರುವುದೇ ಇದಕ್ಕೆ ಕಾರಣ. ಆ ದಾರಿಯನ್ನು ಯಂತ್ರದ ಜೊತೆಗೇ ಕೊಡುವುದು ಮಾರುವವನ ಹೊಣೆ ಎಂಬುದು ನನ್ನ ವಾದ.

ಬೀಗ ಬೀಳುವ ಬಗೆ ಹೀಗೆ. ಲ್ಯಾಪ್‌ಟಾಪನ್ನು ಮೊದಲ ಸಲ ಆನ್ ಮಾಡಿದಾಗ ಅದು ಒಂದು ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಖಾತೆ ಕೊಟ್ಟ ಕೂಡಲೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿ, ಕೀ ಆ ಖಾತೆಯಲ್ಲಿ ಹೋಗಿ ಕೂರುತ್ತದೆ. ಕಳ್ಳ ಲ್ಯಾಪ್‌ಟಾಪ್ ಹೊತ್ತೊಯ್ದರೂ ಒಳಗಿನ ಕಾಗದಪತ್ರ ಅವನಿಗೆ ಸಿಗಬಾರದು ಎಂಬುದು ಉದ್ದೇಶ, ಒಳ್ಳೆಯದೇ. 2024ರ ಅಕ್ಟೋಬರ್‌ನಲ್ಲಿ ಬಂದ 24ಎಚ್2 ಆವೃತ್ತಿಯಿಂದ ಈಚೆಗೆ ಹೋಮ್ ಎಡಿಷನ್ ಇರುವ ಸಾಮಾನ್ಯ ಯಂತ್ರಗಳಲ್ಲೂ ಇದು ತಾನಾಗಿಯೇ ಆಗುತ್ತದೆ. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಯಾರೂ ಹೇಳುವುದಿಲ್ಲ. ಮಾಲೀಕ ದಿನಾ ನಾಲ್ಕಂಕಿಯ ಪಿನ್ ಒತ್ತಿ ಒಳಗೆ ಹೋಗುತ್ತಿರುತ್ತಾನೆ. ತನ್ನ ಪಾಸ್‌ವರ್ಡ್ ಅಂದರೆ ಅದೇ ಎಂದುಕೊಂಡಿರುತ್ತಾನೆ.

ಮೊದಲ ಸಲ ಆನ್ ಮಾಡುವುದು ಯಾರು? ಮಾಲೀಕನಲ್ಲ, ಅಂಗಡಿಯ ಹುಡುಗ. ಅವನಿಗಾಗಿ ಇನ್ನೂ ನಾಲ್ಕು ಗಿರಾಕಿಗಳು ಕಾದಿರುತ್ತಾರೆ. ಬಾಯಿಗೆ ಬಂದ ಹೆಸರಿನಲ್ಲಿ ಒಂದು ಇಮೇಲ್ ಸೃಷ್ಟಿಸಿ, ಕೈಗೆ ಸಿಕ್ಕ ಪಾಸ್‌ವರ್ಡ್ ಕೊಟ್ಟು, ಆಫೀಸ್ ಆ್ಯಕ್ಟಿವೇಟ್ ಮಾಡಿ, ಪಿನ್ ಹಾಕಿ ಕೊಡುತ್ತಾನೆ. ಕೀ ಹೋಗಿ ಸೇರಿದ್ದು ಆ ಖಾತೆಗೆ. ಮರುದಿನ ಅವನಿಗೇ ಅದು ನೆನಪಿರುವುದಿಲ್ಲ.

ಈಚೆಗೆ ವಕೀಲರೊಬ್ಬರ ಗುಮಾಸ್ತರು ಲ್ಯಾಪ್‌ಟಾಪ್ ತಂದು ಟೇಬಲ್ ಮೇಲಿಟ್ಟರು. ರಾತ್ರಿ ಅಪ್‌ಡೇಟ್ ಆಗಲು ಬಿಟ್ಟು ಹೋಗಿದ್ದಾರೆ, ಅದರ ಜೊತೆ ಬಯಾಸ್‌ನ, ಅಂದರೆ ಮದರ್‌ಬೋರ್ಡಿನಲ್ಲೇ ಕೂತಿರುವ ಸಾಫ್ಟ್‌ವೇರ್‌ನ, ಅಪ್‌ಡೇಟೂ ಬಂದಿದೆ. ಬೆಳಿಗ್ಗೆ ನೋಡಿದರೆ ನೀಲಿ ಪರದೆ, ರಿಕವರಿ ಕೀ ಕೊಡಿ ಎನ್ನುತ್ತಿದೆ. ಪಿನ್ ಗೊತ್ತು ಎಂದರು, ಅದು ನಡೆಯುವುದಿಲ್ಲ. ಯಾವ ಇಮೇಲ್‌ನಲ್ಲಿ ಸೆಟಪ್ ಮಾಡಿದ್ದು ಎಂದೆ. ‘ಇಮೇಲಾ? ಅದೆಲ್ಲ ಅಂಗಡಿಯೋರೇ ಮಾಡ್ಕೊಟ್ರು ಸಾರ್’ ಎಂದರು. ಆ ಅಂಗಡಿಗೆ ಫೋನ್ ಮಾಡಿಸಿದೆ. ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿಯಾಗಿತ್ತು, ಅವನ ನಂಬರ್ ಸ್ವಿಚ್ ಆಫ್. ವರ್ಷಗಳ ಕಾಲ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ದಾವೆ, ತಕರಾರು, ಅಫಿಡವಿಟ್ಟುಗಳೆಲ್ಲ ಡಿಸ್ಕ್‌ನಲ್ಲಿ ಹಾಗೇ ಇವೆ. ಒಂದು ಬೈಟೂ ಹಾಳಾಗಿಲ್ಲ. ಆದರೆ ಆ 48 ಅಂಕಿ ಇಲ್ಲದೆ ಅದನ್ನು ತೆರೆಯುವ ತಂತ್ರ ನನ್ನ ಹತ್ತಿರವೂ ಇಲ್ಲ, ಆ ಸಾಫ್ಟ್‌ವೇರ್ ಬರೆದವರ ಹತ್ತಿರವೂ ಇಲ್ಲ. ಕೊನೆಗೆ ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಬೇಕಾಯಿತು. ಜೂನಿಯರ್ ವಕೀಲರ ಪೆನ್‌ಡ್ರೈವ್‌ನಲ್ಲಿ ಸಿಕ್ಕಷ್ಟು ಡ್ರಾಫ್ಟ್ ಸಿಕ್ಕಿತು, ಉಳಿದದ್ದು ಹೋಯಿತು.

ಹೊಸ ವಿಂಡೋಸ್ ಹಾಕಿ ಮುಗಿಸಿದಾಗ ಗುಮಾಸ್ತರು ಕೇಳಿದ್ದು ಒಂದೇ: ‘ಈ ಅಪ್‌ಡೇಟ್ ಅನ್ನೋದನ್ನ ಪರ್ಮನೆಂಟಾಗಿ ಆಫ್ ಮಾಡ್ಕೊಡಿ ಸಾರ್, ಅದೊಂದು ಕಾಟ.’ ಅವರ ಸಿಟ್ಟು ಅರ್ಥವಾಗುತ್ತದೆ. ಆಫ್ ಮಾಡಿಕೊಡುವುದಿಲ್ಲ ಎಂದೆ. ಯಾಕೆ ಎಂದು ಅಲ್ಲಿ ನಿಂತು ವಿವರಿಸಲು ಸಮಯವಿರಲಿಲ್ಲ, ಇಲ್ಲಿ ಹೇಳುತ್ತೇನೆ.

2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಒಂದು ಅಪ್‌ಡೇಟ್ ಬಿಟ್ಟಿತು. ಕಚೇರಿಯ ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳುವ ವ್ಯವಸ್ಥೆಯೊಳಗಿದ್ದ ಒಂದು ತೂತನ್ನು ಅದು ಮುಚ್ಚುತ್ತಿತ್ತು. ಹಾಕಿಕೊಂಡವರು ಹಾಕಿಕೊಂಡರು, ‘ಆಮೇಲೆ ನೋಡೋಣ’ ಎಂದವರು ಎಂದರು. ಎರಡು ತಿಂಗಳು ತುಂಬಲು ಎರಡು ದಿನ ಇರುವಾಗ, ಮೇ 12ರಂದು, ವಾನಾಕ್ರೈ ಎಂಬ ರಾನ್ಸಮ್‌ವೇರ್ ಅದೇ ತೂತಿನಿಂದ ನುಗ್ಗಿತು. ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಫೈಲುಗಳಿಗೆ ಬೀಗ ಹಾಕಿ, ತೆಗೆಯಲು ಬಿಟ್‌ಕಾಯಿನ್‌ನಲ್ಲಿ 300 ಡಾಲರ್ ಕೇಳಿತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ ಆಸ್ಪತ್ರೆಗಳಲ್ಲಿ ಅಪಾಯಿಂಟ್‌ಮೆಂಟುಗಳು ರದ್ದಾದವು, ಆಂಬುಲೆನ್ಸುಗಳು ಬೇರೆ ಊರಿಗೆ ತಿರುಗಿದವು. ಹಳೆಯ ವಿಂಡೋಸ್ ಎಕ್ಸ್‌ಪಿಯಿಂದ ಹೀಗಾಯಿತು ಎಂದು ಆಗ ಎಲ್ಲರೂ ಹೇಳಿದರು. ಲೆಕ್ಕ ಹಾಕಿ ನೋಡಿದಾಗ ಸೋಂಕು ತಗುಲಿದ ಯಂತ್ರಗಳಲ್ಲಿ ಹೆಚ್ಚಿನವು ವಿಂಡೋಸ್ 7. ಆಗ ಇನ್ನೂ ಅಪ್‌ಡೇಟ್ ಪುಕ್ಕಟೆ ಸಿಗುತ್ತಿದ್ದ ಆವೃತ್ತಿ ಅದು. ಮದ್ದು ಮನೆ ಬಾಗಿಲಿಗೆ ಬಂದಿತ್ತು, ತೆಗೆದುಕೊಂಡಿರಲಿಲ್ಲ, ಅಷ್ಟೆ. ತಾಲ್ಲೂಕು ಕೇಂದ್ರದ ಆಡಿಟರ್ ಆಫೀಸಿನಲ್ಲಿ ಆರು ಕಂಪ್ಯೂಟರ್ ಒಂದೇ ಸ್ವಿಚ್‌ಗೆ ಸಿಕ್ಕಿಸಿ, ಡಿ ಡ್ರೈವ್ ಪೂರ್ತಿ ಶೇರ್ ಮಾಡಿಟ್ಟಿರುವುದನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಅಂಥ ಕಡೆ ಅಪ್‌ಡೇಟ್ ಆಫ್ ಮಾಡಿಕೊಡುವುದು ಗಿರಾಕಿಗೆ ಮಾಡುವ ಉಪಕಾರವಲ್ಲ.

ಹಾಗೆಂದು ಹೆದರುವವರು ದಡ್ಡರೂ ಅಲ್ಲ. ಅವರ ಕಡೆಗೂ ಸಾಕಷ್ಟು ಸಾಕ್ಷಿ ಇದೆ. 2018ರ ಅಕ್ಟೋಬರ್ 2ರಂದು ಬಂದ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಅಳಿಸಿ ಹಾಕಿತು. ಫೋಲ್ಡರಿನ ಜಾಗವನ್ನು ಸಿ ಡ್ರೈವ್‌ನಿಂದ ಬೇರೆ ಕಡೆಗೆ ಬದಲಿಸಿ, ಹಳೆಯ ಜಾಗದಲ್ಲೂ ಫೈಲುಗಳನ್ನು ಉಳಿಸಿಕೊಂಡಿದ್ದವರಿಗೆ ಹೊಡೆತ ಬಿತ್ತು. ‘ಸಿ ಕೆಟ್ಟರೂ ಡಿ ಇರುತ್ತೆ’ ಎಂದು ಡಾಕ್ಯುಮೆಂಟ್ಸನ್ನು ಡಿ ಡ್ರೈವ್‌ಗೆ ತಿರುಗಿಸಿ ಕೊಡುವುದು ನಮ್ಮ ಕಡೆ ಪ್ರತಿ ಸರ್ವಿಸ್‌ನವನ ರೂಢಿ. ವಾರದೊಳಗೆ ಆ ಅಪ್‌ಡೇಟ್ ನಿಲ್ಲಿಸಿ, ಸರಿಪಡಿಸಿ, ನವೆಂಬರ್ 13ರಂದು ಮತ್ತೆ ಬಿಟ್ಟರು. 2021ರಲ್ಲಿ ಪ್ರಿಂಟರ್ ವ್ಯವಸ್ಥೆಯ ತೂತು ಮುಚ್ಚಲು ಬಂದ ಅಪ್‌ಡೇಟುಗಳು ಎಷ್ಟೋ ಆಫೀಸುಗಳಲ್ಲಿ ನೆಟ್‌ವರ್ಕ್ ಪ್ರಿಂಟಿಂಗನ್ನೇ ಕೆಡಿಸಿದವು. 2024ರ ಜುಲೈ 9ರ ಅಪ್‌ಡೇಟ್ ಹಾಕಿಕೊಂಡ ಕೆಲವು ಯಂತ್ರಗಳು ಗುಮಾಸ್ತರಿಗೆ ಕಂಡ ಅದೇ ರಿಕವರಿ ಕೀ ಪರದೆಗೆ ಹೋಗಿ ನಿಂತವು. ಅದು ಸರಿಹೋದದ್ದು ಆಗಸ್ಟ್ 13ಕ್ಕೆ.

ಅದೇ 2024ರ ಜುಲೈ 19 ಇನ್ನೂ ದೊಡ್ಡ ಪಾಠ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ಸಾಫ್ಟ್‌ವೇರ್‌ಗೆ ಕಳಿಸಿದ ಒಂದು ಸಣ್ಣ ಫೈಲ್ ಕೆಟ್ಟಿತ್ತು. ವಿಂಡೋಸ್‌ನ ಅಪ್‌ಡೇಟ್ ಅದಲ್ಲ, ಆದರೆ ಮಲಗಿದ್ದು ವಿಂಡೋಸ್. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9.39ಕ್ಕೆ ಫೈಲ್ ಹೊರಟಿತು, 10.57ಕ್ಕೆ ವಾಪಸ್ ತೆಗೆದುಕೊಂಡರು. ಒಟ್ಟು 78 ನಿಮಿಷ. ಅಷ್ಟರಲ್ಲಿ ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಕಂಪ್ಯೂಟರ್‌ಗಳು ನೀಲಿ ಪರದೆಗೆ ಬಿದ್ದಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟ ಫೋಟೋಗಳು ಎಲ್ಲರ ವಾಟ್ಸ್‌ಆ್ಯಪ್‌ಗೂ ಬಂದಿದ್ದವು.

ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ತಪ್ಪು ಸರಿಪಡಿಸಲು ಹಿಡಿದದ್ದು ಒಂದೂಕಾಲು ಗಂಟೆ, ಯಂತ್ರಗಳು ಏಳಲು ಹಿಡಿದದ್ದು ದಿನಗಟ್ಟಲೆ. ಪ್ರತಿ ಯಂತ್ರದ ಮುಂದೆ ಒಬ್ಬ ಮನುಷ್ಯ ಕೂತು, ಸೇಫ್ ಮೋಡ್‌ಗೆ ಹೋಗಿ, ಆ ಒಂದು ಫೈಲ್ ಅಳಿಸಬೇಕಿತ್ತು. ಬೀಗ ಬಿದ್ದ ಡಿಸ್ಕ್ ಆದರೆ ಮೊದಲು 48 ಅಂಕಿ ಒತ್ತಬೇಕಿತ್ತು. ಕೀಗಳ ಪಟ್ಟಿ ಕೈಯಲ್ಲಿದ್ದ ಕಂಪನಿಗಳು ಬೇಗ ಎದ್ದವು. ಪಟ್ಟಿ ಇಟ್ಟಿದ್ದ ಸರ್ವರೇ ಮಲಗಿದ್ದ ಕಡೆ ಪರದಾಟ ಹೆಚ್ಚಾಯಿತು. ಲಕ್ಷಗಟ್ಟಲೆ ಸಂಬಳದ ಐಟಿ ವಿಭಾಗಗಳಿಗೇ ಈ ಪಾಡಾದರೆ ನಮ್ಮ ಗುಮಾಸ್ತರನ್ನು ಏನೆಂದು ದೂರುವುದು?

ಆದ್ದರಿಂದ ನಾನು ಗಿರಾಕಿಗಳಿಗೆ ಹೇಳುವುದು: ಅಪ್‌ಡೇಟ್ ಮಾಡಿ, ನಿಮ್ಮ ಟೈಮ್ ನೋಡಿಕೊಂಡು ಮಾಡಿ. ವಿಂಡೋಸ್‌ನ ಮಾಮೂಲಿ ಅಪ್‌ಡೇಟ್ ಬರುವುದು ಪ್ರತಿ ತಿಂಗಳ ಎರಡನೇ ಮಂಗಳವಾರ. ಅಮೆರಿಕದ ಮಂಗಳವಾರ ಬೆಳಿಗ್ಗೆ ಎಂದರೆ ನಮಗೆ ರಾತ್ರಿ. ಬುಧವಾರ ಆಫೀಸ್ ತೆಗೆಯುವ ಹೊತ್ತಿಗೆ ಅದು ಬಾಗಿಲಲ್ಲಿ ನಿಂತಿರುತ್ತದೆ. ಎರಡನೇ ಮಂಗಳವಾರ ಯಾವಾಗಲೂ 8ರಿಂದ 14ನೇ ತಾರೀಕಿನೊಳಗೆ ಬೀಳುತ್ತದೆ. ಜಿಎಸ್‌ಟಿಯ ಮೊದಲ ರಿಟರ್ನ್‌ಗೆ ಕೊನೆಯ ದಿನ 11. ಪ್ರತಿ ತಿಂಗಳು ಆಡಿಟರ್ ಆಫೀಸಿನಿಂದ ನನಗೆ ‘ಪರ್ಸೆಂಟೇಜ್ ಓಡ್ತಾನೇ ಇದೆ ಸಾರ್’ ಎಂಬ ಫೋನ್ ಬರುವುದು ಸರಿಯಾಗಿ ಆ ವಾರದಲ್ಲೇ. ಸೆಟ್ಟಿಂಗ್ಸ್‌ನಲ್ಲಿ ಪಾಝ್ ಅಪ್‌ಡೇಟ್ಸ್ ಎಂದಿದೆ, ಐದು ವಾರದವರೆಗೆ ಮುಂದೂಡಬಹುದು. ಒಂದು ವಾರ, ಹತ್ತು ದಿನ ಮುಂದೂಡಿದರೆ ಸಾಕು. ಆ ಅಪ್‌ಡೇಟ್‌ನಲ್ಲಿ ಎಡವಟ್ಟು ಇದ್ದರೆ ಅಷ್ಟರಲ್ಲಿ ಪ್ರಪಂಚಕ್ಕೆ ಗೊತ್ತಾಗಿರುತ್ತದೆ. ಎರಡು ತಿಂಗಳು ಮುಂದೂಡಿದರೆ ಏನಾಗುತ್ತದೆ ಎಂಬುದು ವಾನಾಕ್ರೈ ದಿನ ಗೊತ್ತಾಗಿದೆ.

ಬ್ಯಾಕಪ್ ಎಂದರೆ ನಮ್ಮಲ್ಲಿ ಡೆಸ್ಕ್‌ಟಾಪ್ ಮೇಲಿರುವುದನ್ನು ಡಿ ಡ್ರೈವ್‌ಗೆ ಕಾಪಿ ಮಾಡುವುದು ಎಂದಾಗಿದೆ. ಸಿ, ಡಿ ಎರಡೂ ಒಂದೇ ಡಿಸ್ಕ್‌ನ ಎರಡು ಭಾಗ, ಹೋದರೆ ಒಟ್ಟಿಗೆ ಹೋಗುತ್ತವೆ. ಹೊರಗಿನ ಹಾರ್ಡ್‌ಡಿಸ್ಕ್ ಬೇಕು, ಕಾಪಿ ಆದ ಮೇಲೆ ಅದನ್ನು ಕಿತ್ತು ಬೀರುವಿನಲ್ಲಿ ಇಡಬೇಕು. ಸಿಕ್ಕಿಸಿಯೇ ಬಿಟ್ಟರೆ ರಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ. ಜನ ಮರೆಯುವ ಐಟಂಗಳನ್ನೂ ಹೇಳಿಬಿಡುತ್ತೇನೆ: ಟ್ಯಾಲಿಯ ಡೇಟಾ ಫೋಲ್ಡರ್, ಡಿಜಿಟಲ್ ಸಹಿಯ ಟೋಕನ್ನಿನ ಡ್ರೈವರ್, ಹಳೆಯ ಪ್ರಿಂಟರ್ ಡ್ರೈವರ್, ಮತ್ತು ಫಾಂಟ್‌ಗಳು. ಯೂನಿಕೋಡ್‌ಗೆ ಮೊದಲಿನ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಹೊಸ ವಿಂಡೋಸ್‌ನಲ್ಲಿ ತೆಗೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಫೈಲೇ ಕೆಟ್ಟಿತು ಎಂದು ಡಿಲೀಟ್ ಮಾಡಿದವರನ್ನು ನೋಡಿದ್ದೇನೆ. ಫಾಂಟ್ ಹಾಕಿದರೆ ಕನ್ನಡ ವಾಪಸ್ ಬರುತ್ತದೆ.

ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬ್ಯಾಟರಿಗೆ ಜೀವ ಇದೆಯೇ ನೋಡಿ. ವಿಂಡೋಸ್ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಹೆಚ್ಚಿನ ಸಲ ಅದು ತಾನೇ ಹಿಂದಕ್ಕೆ ಬರುತ್ತದೆ. ಬಯಾಸ್ ಅಪ್‌ಡೇಟ್ ನಡುವೆ ಹೋದರೆ ಮದರ್‌ಬೋರ್ಡೇ ಹೋಗಬಹುದು. 30 ಪರ್ಸೆಂಟ್‌ನಲ್ಲಿ ಅರ್ಧ ಗಂಟೆ ನಿಂತಿತು ಎಂದು ಪವರ್ ಬಟನ್ ಒತ್ತಿ ಹಿಡಿಯಬೇಡಿ. ಹಳೆಯ ಹಾರ್ಡ್‌ಡಿಸ್ಕ್ ಇರುವ ಯಂತ್ರ ಎರಡು ಗಂಟೆ ತೆಗೆದುಕೊಂಡರೂ ಆಶ್ಚರ್ಯವಿಲ್ಲ. ಡಿಸ್ಕ್ ಲೈಟ್ ಮಿನುಗುತ್ತಿದ್ದರೆ ಅದು ಕೆಲಸ ಮಾಡುತ್ತಿದೆ.

ಇಷ್ಟಾದರೂ ಕೆಟ್ಟಿತು ಅನ್ನಿ. ಒಂದೆರಡು ಸಲ ಆನ್ ಆಗದೆ ಸೋತ ಮೇಲೆ ವಿಂಡೋಸ್ ತಾನಾಗಿಯೇ ರಿಕವರಿ ಪರದೆಗೆ ಬರುತ್ತದೆ. ಅಲ್ಲಿ ಕೊನೆಯ ಅಪ್‌ಡೇಟನ್ನು ಮಾತ್ರ ತೆಗೆಯುವ ಆಯ್ಕೆ ಇದೆ, ಮೊದಲು ಅದನ್ನು ನೋಡಿ. ಆಮೇಲೆ ಸೇಫ್ ಮೋಡ್, ಆಮೇಲೆ ರಿಸ್ಟೋರ್ ಪಾಯಿಂಟ್. ವಿಂಡೋಸ್ 10ರಿಂದ 11ಕ್ಕೆ ಹೋದವರಿಗೆ ಹತ್ತು ದಿನದೊಳಗೆ ಹಳೆಯದಕ್ಕೆ ಮರಳುವ ಅವಕಾಶ ಇದೆ. ಅಷ್ಟರಲ್ಲಿ ಜಾಗ ಉಳಿಸುವುದಕ್ಕೆಂದು ವಿಂಡೋಸ್ ಓಲ್ಡ್ ಫೋಲ್ಡರ್ ಅಳಿಸಿದರೆ ಆ ಬಾಗಿಲು ಮುಚ್ಚಿತು. ‘ರಿಸೆಟ್’ ಎಂಬುದು ಕೊನೆಯ ಮಾತು, ಅದರಲ್ಲೂ ‘ರಿಮೂವ್ ಎವೆರಿಥಿಂಗ್’ ಎಂದು ಕಂಡರೆ ಕೈ ಹಿಂದಕ್ಕೆ ತೆಗೆಯಿರಿ.

ರಿಕವರಿ ಪರದೆಯೂ ಕೈಕೊಟ್ಟದ್ದುಂಟು. 2025ರ ಅಕ್ಟೋಬರ್ 14ರಂದು ವಿಂಡೋಸ್ 11ಕ್ಕೆ ಬಂದ ಅಪ್‌ಡೇಟ್ ಆದ ಮೇಲೆ ಆ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ಕೆಲಸ ಮಾಡಲಿಲ್ಲ. ಆಯ್ಕೆಗಳು ಕಣ್ಣಿಗೆ ಕಾಣುತ್ತವೆ, ಒತ್ತಲು ಬರುವುದಿಲ್ಲ! ಹಳೆಯ ದುಂಡು ಪಿನ್ನಿನ ಕೀಬೋರ್ಡ್ ಇದ್ದವರು, ರಿಕವರಿ ಪೆನ್‌ಡ್ರೈವ್ ಮಾಡಿಟ್ಟುಕೊಂಡವರು ಪಾರಾದರು. ಆರು ದಿನಕ್ಕೆ ತುರ್ತು ಪರಿಹಾರ ಬಂತು. ಎಂಟು ಜಿಬಿಯ ಪೆನ್‌ಡ್ರೈವ್ ಒಂದರಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ವಿಂಡೋಸ್ ಹಾಕಿ ಮನೆಯಲ್ಲಿ ಇಟ್ಟುಕೊಳ್ಳಿ ಎಂದು ನಾನು ಗೋಗರೆಯುವುದು ಇದಕ್ಕೇ.

ನಮ್ಮ ಕಸುಬಿನವರ ಬಗ್ಗೆಯೂ ಎರಡು ಮಾತು. ಯಂತ್ರ ಆನ್ ಆಗಲಿಲ್ಲ ಎಂದರೆ ‘ಫಾರ್ಮ್ಯಾಟ್ ಹೊಡೆಯೋಣ’ ಎನ್ನುವುದು ನಮ್ಮಲ್ಲಿ ಚಾಳಿಯಾಗಿದೆ. ಒಂದು ಗಂಟೆಯ ಕೆಲಸ, ಖಚಿತ ದುಡ್ಡು. ಕೆಟ್ಟದ್ದು ಏನು ಎಂದು ಹುಡುಕುವುದಕ್ಕೆ ಅರ್ಧ ದಿನ ಬೇಕು, ಅದಕ್ಕೆ ದುಡ್ಡು ಕೊಡುವವರು ಕಡಿಮೆ. ಇನ್ನೊಂದು ಗುಟ್ಟು, ಯಾರೂ ಬಾಯಿ ಬಿಟ್ಟು ಹೇಳದ್ದು: ಅಪ್‌ಡೇಟ್ ಆಫ್ ಮಾಡಿ ಕೊಡುವ ಅಂಗಡಿಗಳಲ್ಲಿ ಬಹಳಷ್ಟು ಕಡೆ ಕಾರಣ ಗಿರಾಕಿಯ ನೆಮ್ಮದಿಯಲ್ಲ. ಹಾಕಿರುವ ವಿಂಡೋಸ್ ಕ್ರ್ಯಾಕ್ ಮಾಡಿದ್ದು, ಅಪ್‌ಡೇಟ್ ಆದರೆ ಪರದೆಯ ಮೂಲೆಯಲ್ಲಿ ‘ಆ್ಯಕ್ಟಿವೇಟ್ ವಿಂಡೋಸ್’ ಎಂದು ಬಂದು ಬಣ್ಣ ಬಯಲಾಗುತ್ತದೆ. ಆ ಕ್ರ್ಯಾಕ್ ಫೈಲಿನ ಜೊತೆ ಏನೇನು ಒಳಗೆ ಬಂದಿದೆಯೋ ಹಾಕಿದವನಿಗೂ ಗೊತ್ತಿರುವುದಿಲ್ಲ. ಸರ್ವಿಸ್‌ಗೆ ಕೊಡುವಾಗ ‘ನನ್ನ ಫೈಲ್ ಮೊದಲು ತೆಗೆದಿಡಿ, ಆಮೇಲೆ ಬೇರೆ ಮಾತು’ ಎಂದು ಬಿಲ್ ಮೇಲೆ ಬರೆಸಿಕೊಳ್ಳಿ.

ಕಂಪನಿಯ ಪಾಲೂ ಇದೆ. ತೂತು ಮುಚ್ಚುವ ಅಪ್‌ಡೇಟ್ ಬೇಕೇ ಬೇಕು. ಅದರ ಜೊತೆಗೇ ಹೊಸ ಬಟನ್, ಹೊಸ ಮೆನು, ಕೋಪೈಲಟ್ ಎಂದು ಕೇಳದ ಸರಕನ್ನೆಲ್ಲ ಒಂದೇ ಮೂಟೆಯಲ್ಲಿ ಕಟ್ಟಿ ಕಳಿಸಿದರೆ, ಆ ಸರಕು ಬೇಡದವನು ಮೂಟೆಯನ್ನೇ ಬೇಡ ಎನ್ನುತ್ತಾನೆ. ಮುಂದಕ್ಕೆ ಹೋಗಲು ಒಂದು ಬಟನ್, ಹಿಂದಕ್ಕೆ ಬರಲು ಐದು ಮೆನು ದಾಟಬೇಕು, ಮೇಲೆ 48 ಅಂಕಿ. ಮರ ಹತ್ತಿಸಿ ಏಣಿ ತೆಗೆದ ಹಾಗೆ. ಡಿಸ್ಕ್‌ಗೆ ಬೀಗ ಹಾಕುವ ಕ್ಷಣದಲ್ಲೇ ‘ಕೀ ಬರೆದುಕೊಂಡಿರಾ?’ ಎಂದು ಕೇಳಿ, ಬರೆದುಕೊಳ್ಳುವವರೆಗೆ ಮುಂದೆ ಬಿಡದಿದ್ದರೆ ಅರ್ಧ ತೊಂದರೆ ಅಲ್ಲೇ ತೀರುತ್ತಿತ್ತು.

ಈಗ ಈ ಮಾತು ಎತ್ತಲು ಕಾರಣವಿದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಖಾತೆ ಜೋಡಿಸಿಯೋ ದುಡ್ಡು ಕೊಟ್ಟೋ ನೋಂದಾಯಿಸಿಕೊಂಡ ಮನೆಬಳಕೆಯವರಿಗೆ ಭದ್ರತೆಯ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಎಂದು ಹೇಳಿದ್ದಾರೆ. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಯಂತ್ರಗಳಿಗೆ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದವಕ್ಕೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ಮಂಡಿಯ ಲೆಕ್ಕ, ಝೆರಾಕ್ಸ್ ಅಂಗಡಿ, ಶಾಲೆಯ ಆಫೀಸು ಎಂದು ನಮ್ಮೂರಿನಲ್ಲಿ ಇಂಥವು ಎಷ್ಟೋ ಇವೆ. ಬ್ರೌಸರ್, ಪತ್ರ ಟೈಪಿಂಗ್ ಅಷ್ಟೇ ಕೆಲಸ ಇರುವವರಿಗೆ ನಾನು ಲಿನಕ್ಸ್ ಮಿಂಟ್ ಹಾಕಿಕೊಡುತ್ತೇನೆ. ಅದರಲ್ಲಿ ಟೈಮ್‌ಶಿಫ್ಟ್ ಎಂಬ ಸೌಲಭ್ಯ ಇದೆ, ಅಪ್‌ಡೇಟ್‌ಗೆ ಮೊದಲು ವ್ಯವಸ್ಥೆಯ ಒಂದು ನಕಲು ಇಟ್ಟು, ಕೆಟ್ಟರೆ ಆ ಸ್ಥಿತಿಗೇ ಮರಳಿಸುತ್ತದೆ. ಟ್ಯಾಲಿ ಬೇಕು, ಡಿಜಿಟಲ್ ಸಹಿ ಬೇಕು ಎನ್ನುವವರು ಹೊಸ ಲ್ಯಾಪ್‌ಟಾಪ್ ಕೊಳ್ಳಲೇಬೇಕು. ಕೊಂಡವುಗಳಲ್ಲಿ ಬಹುಪಾಲಿಗೆ ಬೀಗ ಬಿದ್ದಿರುತ್ತದೆ.

ಹಾಗಾಗಿ ಮಾರುವಾಗಲೇ ಮೂರು ಕೆಲಸ ಆಗಬೇಕು. ಖಾತೆ ಕೊಳ್ಳುವವನ ಸ್ವಂತ ಇಮೇಲ್, ಸ್ವಂತ ಫೋನ್ ನಂಬರ್‌ನಲ್ಲಿ ಅವನ ಎದುರಿಗೇ ಆಗಬೇಕು. ಕೀಯನ್ನು ಕಾಗದಕ್ಕೆ ಪ್ರಿಂಟ್ ತೆಗೆದು ಬಿಲ್‌ಗೆ ಪಿನ್ ಮಾಡಬೇಕು. ರಿಕವರಿ ಪೆನ್‌ಡ್ರೈವ್ ಒಂದು ಕೊಡಬೇಕು. ಶಾಲೆ, ಪಂಚಾಯಿತಿಗಳಿಗೆ ನೂರಾರು ಯಂತ್ರ ಕೊಳ್ಳುವ ಸರ್ಕಾರ ಟೆಂಡರಿನಲ್ಲಿ ಈ ಮೂರು ಸಾಲು ಸೇರಿಸಿದರೆ ಅಂಗಡಿಗಳಿಗೂ ರೂಢಿಯಾಗುತ್ತದೆ. ಈಗಾಗಲೇ ಲ್ಯಾಪ್‌ಟಾಪ್ ಇರುವವರು ಇವತ್ತೇ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯುರಿಟಿಗೆ ಹೋಗಿ, ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯೇ ನೋಡಿ. ಇದ್ದರೆ ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಡಿವೈಸಸ್ ವಿಭಾಗದಲ್ಲಿ ಕೀ ಸಿಗುತ್ತದೆ. ಖಾತೆ ಯಾವುದೆಂದೇ ಗೊತ್ತಿಲ್ಲದಿದ್ದರೂ ಯಂತ್ರ ಆನ್ ಆಗುವ ಸ್ಥಿತಿಯಲ್ಲಿ ಇರುವವರೆಗೆ ಹೆದರಬೇಕಿಲ್ಲ, ಕೆಲಸ ಬಲ್ಲ ಯಾವ ಸರ್ವಿಸ್‌ನವನಾದರೂ ಒಂದು ಸಾಲಿನ ಕಮಾಂಡ್‌ನಿಂದ ಅದನ್ನು ತೆಗೆದು ಕೊಡಬಲ್ಲ. ಖಾತೆ ಗೊತ್ತಿಲ್ಲದೆ ಆ ನೀಲಿ ರಿಕವರಿ ಪರದೆ ಬಂದ ಮೇಲೆ ಯಾರೂ ಕೊಡಲಾರರು. ಹೊಸ ಲ್ಯಾಪ್‌ಟಾಪ್ ಮಾರುವವನಿಗೆ ಆ ಮೂರೂ ಸೇರಿ ಹೆಚ್ಚೆಂದರೆ ಹದಿನೈದು ನಿಮಿಷದ ಕೆಲಸ. ಅದಕ್ಕೆ ಬೇಕಾದರೆ ಇನ್ನೂರು ರೂಪಾಯಿ ಜಾಸ್ತಿ ಕೇಳಲಿ. ಚೌಕಾಸಿ ಮಾಡದೆ ಕೊಟ್ಟುಬಿಡಿ ಎಂದು ನನ್ನ ಗಿರಾಕಿಗಳಿಗೆ ನಾನೇ ಹೇಳುತ್ತೇನೆ.